ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಮೋವರ್ ಆಯ್ಕೆ: ದಾವಣಗೆರೆ ತಾಲೂಕಿನ ಶಾಲಾ ಮೈದಾನವೊಂದರ ಪ್ರಕರಣ ಅಧ್ಯಯನ

ದಾವಣಗೆರೆಯಿಂದ ಚನ್ನಗಿರಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂದು ವಸತಿ ಶಾಲೆಗೆ ಮೂರು ಎಕರೆಯ ಆಟದ ಮೈದಾನವೂ ಅದಕ್ಕೆ ತಾಗಿಕೊಂಡಂತೆ ಎರಡು ಎಕರೆಯ ಅಡಿಕೆ ತೋಟವೂ ಇವೆ. ಮೈದಾನದ ತಳ ಎರೆಮಣ್ಣು. ಅದರ ಮೇಲೆ ಕೆಂಪು ಮಣ್ಣು ಹರಡಿ, ರೋಲರ್ ಎಳೆದು, ಗರಿಕೆ ಹಬ್ಬಿಸಲಾಗಿದೆ. ಭದ್ರಾ ಅಚ್ಚುಕಟ್ಟಿನ ಸೆರಗಿನಲ್ಲಿರುವುದರಿಂದ ಕೊಳವೆಬಾವಿಯಲ್ಲಿ ಬೇಸಿಗೆಯಲ್ಲೂ ನೀರು ಸಿಗುತ್ತದೆ. ಹಾಗಾಗಿ ಹುಲ್ಲು ವರ್ಷದ ಬಹುಪಾಲು ಬೆಳೆಯುತ್ತಲೇ ಇರುತ್ತದೆ. ಮುಂಗಾರು ಹಿಡಿದ ಮೇಲಂತೂ ವಾರ ಬಿಟ್ಟರೆ ಚೆಂಡು ಕಾಣದಷ್ಟು ಏಳುತ್ತದೆ. ಈವರೆಗೆ ಹೆಗಲಿಗೆ ಹಾಕುವ ವೀಡ್ ಕಟರ್‌ನಿಂದ ಕೂಲಿಯಾಳುಗಳು ಕತ್ತರಿಸುತ್ತಿದ್ದರು. ಕೊನೆಯ ಮೂಲೆ ಮುಗಿಯುವ ಹೊತ್ತಿಗೆ ಮೊದಲ ಮೂಲೆಯ ಹುಲ್ಲು ಮತ್ತೆ ಎದ್ದಿರುತ್ತಿತ್ತು, ಕತ್ತರಿಸಿದ ಎತ್ತರವೂ ಆಳಿನಿಂದ ಆಳಿಗೆ ಬೇರೆಯಾಗಿರುತ್ತಿತ್ತು.

ಶಾಲೆಯ ಬಳಿ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ಇದೆ. ನಮ್ಮ ಭಾಗದ ಅಡಿಕೆ ತೋಟಗಳಲ್ಲಿ ಹೆಚ್ಚಾಗಿ ಕಾಣುವ, 18 ಅಶ್ವಶಕ್ತಿಯ ಆಸುಪಾಸಿನ, ಮೂರು ಸಿಲಿಂಡರಿನ ಬಗೆಯದು. ತೋಟದಲ್ಲಿ ಮಣ್ಣು ಸಡಿಲಿಸುವ ರೋಟವೇಟರ್ ಹೊಡೆಯಲೆಂದು ಸೆಕೆಂಡ್ ಹ್ಯಾಂಡ್ ತಂದದ್ದು. ಇದರ ಹಿಂದೆ ಕಟ್ಟುವ ಹುಲ್ಲು ಕತ್ತರಿಸುವ ಸಾಧನ ಯಾವುದು ಸೂಕ್ತ ಎಂದು ತಿಳಿಸಬೇಕೆಂದು ಆಡಳಿತ ಮಂಡಳಿಯ ಕಾರ್ಯದರ್ಶಿಯವರು ನನ್ನನ್ನು ಕೇಳಿದರು. ಅವರ ಅಪೇಕ್ಷೆ ಎರಡು: ಒಂದೇ ಸಾಧನ ಮೈದಾನಕ್ಕೂ ತೋಟಕ್ಕೂ ಆಗಬೇಕು, ಆದಷ್ಟು ಅಗಲವಾದದ್ದು, ಅಂದರೆ ಐದು ಅಡಿಯದು, ಬೇಕು. ಈ ಎರಡೂ ಅಪೇಕ್ಷೆ ಸಹಜವಾದವೇ. ಆದರೆ ಕೊನೆಗೆ ಎರಡನ್ನೂ ಕೈಬಿಡಬೇಕಾಯಿತು. ಅದಕ್ಕೆ ಕಾರಣವಾದ ವಿಚಾರಗಳನ್ನು ಇಲ್ಲಿ ದಾಖಲಿಸಿದ್ದೇನೆ.

ಮಾರುಕಟ್ಟೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಹುಲ್ಲಿನ ಸಾಧನಗಳು ಮುಖ್ಯವಾಗಿ ಮೂರು ಬಗೆಯವು. ಸ್ಲ್ಯಾಷರ್‌ನಲ್ಲಿ ಒಂದೇ ದೊಡ್ಡ ತಟ್ಟೆಗೆ ತೂಗಾಡುವ ದಪ್ಪ ಬ್ಲೇಡ್‌ಗಳಿರುತ್ತವೆ. ಅದು ಪೊದೆ, ಕಡ್ಡಿ, ಕಾಂಗ್ರೆಸ್ ಗಿಡ ಎಲ್ಲವನ್ನೂ ಹೊಡೆದುರುಳಿಸುತ್ತದೆ, ಆದರೆ ನಯವಾಗಿ ಕತ್ತರಿಸುವುದಿಲ್ಲ. ಮಲ್ಚರ್‌ನಲ್ಲಿ ಅಡ್ಡಲಾಗಿ ತಿರುಗುವ ರೋಟರಿಗೆ ಸಾಲುಸಾಲಾಗಿ ಸಣ್ಣ ಸುತ್ತಿಗೆಗಳೋ ವೈ ಆಕಾರದ ಬ್ಲೇಡ್‌ಗಳೋ ಇರುತ್ತವೆ. ಅದು ಕಸವನ್ನು ಪುಡಿ ಮಾಡಿ ಅಲ್ಲೇ ಹಾಸುತ್ತದೆ. ಫಿನಿಶ್ ಮೋವರ್‌ನಲ್ಲಿ ಡೆಕ್ ಎಂಬ ಒಂದು ಅಗಲವಾದ ತಗಡಿನ ಹೊದಿಕೆಯ ಕೆಳಗೆ ಮೂರು ಚೂಪಾದ ಬ್ಲೇಡ್‌ಗಳು ಬೆಲ್ಟಿನ ಮೂಲಕ ವೇಗವಾಗಿ ತಿರುಗುತ್ತವೆ, ಡೆಕ್ ತನ್ನದೇ ನಾಲ್ಕು ಚಕ್ರಗಳ ಮೇಲೆ ನೆಲವನ್ನು ಅನುಸರಿಸಿ ಓಡುತ್ತದೆ. ಮೊದಲ ಎರಡು ನಮ್ಮ ಕಡೆಯ ಕೃಷಿ ಸಲಕರಣೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಮೂರನೆಯದನ್ನು ಆರ್ಡರ್ ಕೊಟ್ಟು ತರಿಸಬೇಕಾಯಿತು.

ಯಾವುದೇ ಸಾಧನದ ಬೆಲೆಪಟ್ಟಿ ನೋಡುವ ಮೊದಲು ಟ್ರ್ಯಾಕ್ಟರನ್ನೇ ಪರೀಕ್ಷಿಸಿದೆವು. ಹಳೆಯ ಟ್ರ್ಯಾಕ್ಟರಿನ ವಿಷಯದಲ್ಲಿ ಬಾನೆಟ್ ಮೇಲೆ ಬರೆದ ಅಶ್ವಶಕ್ತಿಯೊಂದನ್ನೇ ನಂಬಿ ಮೋವರ್ ಆಯ್ದುಕೊಳ್ಳುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪಿಟಿಒ ಶಾಫ್ಟ್, ಅಂದರೆ ಎಂಜಿನ್ ಶಕ್ತಿಯನ್ನು ಹಿಂದೆ ಕಟ್ಟಿದ ಸಾಧನಕ್ಕೆ ಕೊಡುವ ದಂಡ, ಎಷ್ಟು ವೇಗದಲ್ಲಿ ತಿರುಗುತ್ತದೆ, ಕ್ಲಚ್ ತುಳಿದಾಗ ಅದು ಹೇಗೆ ನಿಲ್ಲುತ್ತದೆ, ಹಿಂದೆ ತೂಕ ಬಿದ್ದಾಗ ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಉಳಿಯುತ್ತದೆ ಎಂಬ ಮೂರು ಸಂಗತಿಗಳು ಅಶ್ವಶಕ್ತಿಗಿಂತ ಹೆಚ್ಚು ನಿರ್ಣಾಯಕ.

ಮೊದಲು ವೇಗದ ವಿಚಾರ. ಹಿಂದೆ ಕಟ್ಟುವ ಫಿನಿಶ್ ಮೋವರ್‌ಗಳನ್ನು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತಿನ ಪಿಟಿಒಗೆಂದು ತಯಾರಿಸಿರುತ್ತಾರೆ; ಗೇರ್‌ಬಾಕ್ಸ್ ಮತ್ತು ಬೆಲ್ಟ್ ಸೇರಿ ಆ ವೇಗವನ್ನು ಬ್ಲೇಡ್‌ನಲ್ಲಿ ಸುಮಾರು ಐದೂವರೆ ಪಟ್ಟು ಹೆಚ್ಚಿಸುತ್ತವೆ. ಈ ಬಗೆಯ ಸಣ್ಣ ಟ್ರ್ಯಾಕ್ಟರುಗಳಲ್ಲಿ ಪಿಟಿಒಗೇ ಬೇರೆ ಗೇರ್ ಲಿವರ್ ಇದ್ದು, ಒಂದಕ್ಕಿಂತ ಹೆಚ್ಚು ವೇಗಗಳು ಸಿಗುತ್ತವೆ. ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರ್ ಕೆಟ್ಟುಹೋಗಿದ್ದುದರಿಂದ ಪಿಟಿಒ ಶಾಫ್ಟಿಗೆ ಹೊಳೆಯುವ ಟೇಪಿನ ಸಣ್ಣ ತುಂಡೊಂದನ್ನು ಅಂಟಿಸಿ, ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರಿನಿಂದ ಅಳೆದೆವು. ಎಂಜಿನ್ ವೇಗ ಏರಿಳಿಸುವ ಥ್ರಾಟಲ್ ಲಿವರನ್ನು ಪೂರ್ಣ ಎಳೆದಾಗ ಮೊದಲ ಪಿಟಿಒ ಗೇರ್ 620ರ ಸುಮಾರು ತೋರಿಸಿತು, ಎರಡನೆಯದು 900 ದಾಟಿತು. ಎಂಜಿನ್‌ನ ಪೂರ್ಣ ವೇಗ 2700 ಸುತ್ತು ಎಂದಿಟ್ಟುಕೊಂಡರೆ, ಮೊದಲ ಗೇರ್‌ನಲ್ಲಿ 540 ಬರುವುದು ಎಂಜಿನ್ 2350ರ ಸುಮಾರಿಗೆ ಇದ್ದಾಗ. ಡ್ರೈವರ್ ಕಣ್ಣಿಗೆ ಬೀಳುವಂತೆ ಕೈ ಥ್ರಾಟಲ್‌ನ ಆ ಜಾಗಕ್ಕೆ ಕೆಂಪು ಬಣ್ಣದ ಗುರುತು ಹಾಕಿದೆವು.

ಎರಡನೆಯ ಗೇರ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬೇಕು, ಏಕೆಂದರೆ ರೋಟವೇಟರ್ ಹೊಡೆಯುವವರಿಗೆ ಪಿಟಿಒ ಗೇರ್ ಬದಲಿಸುವುದು ದಿನನಿತ್ಯದ ಅಭ್ಯಾಸ. 50 ಸೆಂ.ಮೀ. ಉದ್ದದ ಬ್ಲೇಡ್ ನಿಮಿಷಕ್ಕೆ 2900 ಸುತ್ತು ತಿರುಗುವಾಗ ಅದರ ತುದಿ ಸೆಕೆಂಡಿಗೆ ಸುಮಾರು 76 ಮೀಟರ್ ವೇಗದಲ್ಲಿರುತ್ತದೆ. ಹುಲ್ಲು ಬಾಗದೆ ಕತ್ತರಿಸಿಕೊಳ್ಳಲು ಅಷ್ಟು ವೇಗ ಬೇಕೇ ಬೇಕು. ಪಿಟಿಒ 900ಕ್ಕೆ ಏರಿದರೆ ಅದೇ ತುದಿ ಸೆಕೆಂಡಿಗೆ 126 ಮೀಟರ್ ಮುಟ್ಟುತ್ತದೆ. ವೇಗ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೆಚ್ಚಿದಾಗ ಬ್ಲೇಡಿನಲ್ಲಿ ತುಂಬಿಕೊಳ್ಳುವ ಶಕ್ತಿ ಸುಮಾರು ಎರಡೂ ಮುಕ್ಕಾಲು ಪಟ್ಟಾಗುತ್ತದೆ. ಆ ಸ್ಥಿತಿಯಲ್ಲಿ ಬೇರಿಂಗ್ ಕಿತ್ತರೆ, ಬ್ಲೇಡ್ ಬಿರುಕು ಬಿಟ್ಟರೆ ಅಥವಾ ಒಂದು ಕಲ್ಲು ಸಿಕ್ಕರೆ ಏನಾಗುತ್ತದೆ ಎಂಬುದನ್ನು ಮಕ್ಕಳಿರುವ ಆವರಣದಲ್ಲಿ ಪರೀಕ್ಷಿಸಿ ನೋಡುವಂತಿಲ್ಲ. ಆದ್ದರಿಂದ ಮೋವರ್ ಕಟ್ಟಿರುವಾಗ ಪಿಟಿಒ ಲಿವರ್ ಎರಡನೆಯ ಗೇರಿಗೆ ಹೋಗದಂತೆ ಅದರ ಹಾದಿಗೆ ಒಂದು ತಡೆ ಪಟ್ಟಿಯನ್ನು ಬೋಲ್ಟ್ ಮಾಡಿಸಲಾಯಿತು. ರೋಟವೇಟರ್ ಕಟ್ಟುವಾಗ ಅದನ್ನು ಬಿಚ್ಚಬಹುದು. ಈ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಆದ, ಅತಿ ಮುಖ್ಯವಾದ ಕೆಲಸ ಇದೇ ಎಂದು ನಾನು ಭಾವಿಸುತ್ತೇನೆ.

ಇನ್ನು ಕ್ಲಚ್. ಪಕ್ಕದ ತೋಟದವರಿಂದ ಒಂದು ನಾಲ್ಕು ಅಡಿಯ ಸ್ಲ್ಯಾಷರ್ ಎರವಲು ತಂದು ಮೈದಾನದ ಒಂದು ಅಂಚಿನಲ್ಲಿ ಓಡಿಸಿ ನೋಡಿದಾಗಲೇ ಇದರ ಗಂಭೀರತೆ ಎಲ್ಲರಿಗೂ ಅರ್ಥವಾಯಿತು. ಸಾಲಿನ ಕೊನೆಗೆ ಬಂದ ಡ್ರೈವರ್ ಕ್ಲಚ್ ಪೂರ್ತಿ ತುಳಿದರು. ಟ್ರ್ಯಾಕ್ಟರ್ ನಿಲ್ಲದೆ ಕಾಂಪೌಂಡಿನತ್ತ ಸಾಗಿ, ಬ್ರೇಕ್ ಒತ್ತಿದ ಮೇಲೆ ನಿಂತಿತು. "ಸಾರ್, ಕ್ಲಚ್ ತುಳಿದ್ರೂ ಗಾಡಿ ನಿಲ್ಲಂಗಿಲ್ಲ, ಹಿಂದಿಂದ ಯಾರೋ ದಬ್ಬಿದಂಗೆ ಮುಂದಕ್ಕೆ ಹೋಗುತ್ತೆ" ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಇಂತಹ ಹಳೆಯ ಟ್ರ್ಯಾಕ್ಟರಿನಲ್ಲಿ ಚಕ್ರಕ್ಕೂ ಪಿಟಿಒಗೂ ಒಂದೇ ಕ್ಲಚ್. ಅದನ್ನು ತುಳಿದಾಗ ಎಂಜಿನ್ ಬೇರ್ಪಡುತ್ತದೆಯೇ ಹೊರತು ಪಿಟಿಒ ಮತ್ತು ಚಕ್ರಗಳು ಗೇರ್‌ಬಾಕ್ಸಿನೊಳಗೆ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಜೋರಾಗಿ ತಿರುಗುತ್ತಿರುವ ಭಾರವಾದ ಬ್ಲೇಡ್‌ಗಳು ತಮ್ಮ ವೇಗದಿಂದ ಪಿಟಿಒವನ್ನು ತಿರುಗಿಸುತ್ತವೆ, ಪಿಟಿಒ ಚಕ್ರಗಳನ್ನು ತಿರುಗಿಸುತ್ತದೆ. ರೋಟವೇಟರ್ ಮಣ್ಣಿನಲ್ಲಿ ಹೂತಿರುವುದರಿಂದ ತಕ್ಷಣ ನಿಂತುಬಿಡುತ್ತದೆ. ಅದಕ್ಕಾಗಿಯೇ ಅಷ್ಟು ವರ್ಷ ಓಡಿಸಿದರೂ ಈ ಗುಣ ಯಾರ ಗಮನಕ್ಕೂ ಬಂದಿರಲಿಲ್ಲ.

ಇದಕ್ಕೆ ಪರಿಹಾರ ಓವರ್‌ರನ್ನಿಂಗ್ ಕ್ಲಚ್ ಎಂಬ ಸಣ್ಣ ಜೋಡಣೆ. ಪಿಟಿಒ ಶಾಫ್ಟಿನ ಆರು ಹಲ್ಲಿನ ತುದಿಗೆ ಅದನ್ನು ಕೂರಿಸಿ, ಅದರ ಹಿಂದೆ ಮೋವರ್‌ನ ಕಾರ್ಡನ್ ಶಾಫ್ಟನ್ನು, ಅಂದರೆ ಪಿಟಿಒದಿಂದ ಮೋವರ್‌ಗೆ ತಿರುಗುವಿಕೆಯನ್ನು ಒಯ್ಯುವ ಉದ್ದ-ಗಿಡ್ಡವಾಗುವ ದಂಡವನ್ನು, ಜೋಡಿಸಬೇಕು. ಟ್ರ್ಯಾಕ್ಟರ್ ಮೋವರನ್ನು ತಿರುಗಿಸಬಲ್ಲದು, ಆದರೆ ಮೋವರ್ ಟ್ರ್ಯಾಕ್ಟರನ್ನು ತಿರುಗಿಸಲಾರದು. ಸೈಕಲ್ಲಿನ ಫ್ರೀವೀಲ್ ಮಾಡುವ ಕೆಲಸವೇ ಇದು. ಕೆಲವು ಮೋವರ್‌ಗಳ ಗೇರ್‌ಬಾಕ್ಸಿನಲ್ಲೇ ಈ ವ್ಯವಸ್ಥೆ ಇರುತ್ತದೆ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕು. ಇದು ಸುಮಾರು ಹತ್ತು ಸೆಂ.ಮೀ. ಜಾಗ ತಿನ್ನುವುದರಿಂದ ಕಾರ್ಡನ್ ಶಾಫ್ಟನ್ನು ಅಷ್ಟೇ ಕತ್ತರಿಸಿ ಗಿಡ್ಡ ಮಾಡಬೇಕಾಗುತ್ತದೆ. ಮೋವರನ್ನು ಎತ್ತಿ ಇಳಿಸಿ ನೋಡಿ, ಶಾಫ್ಟ್ ಅತಿ ಗಿಡ್ಡವಾಗುವ ಸ್ಥಿತಿಯಲ್ಲಿ ಒಳಕೊಳವೆ ತಳಕ್ಕೆ ತಾಗದಂತೆ ಎರಡು ಮೂರು ಸೆಂ.ಮೀ. ಅಂತರ, ಅತಿ ಉದ್ದವಾಗುವ ಸ್ಥಿತಿಯಲ್ಲಿ ಕೊಳವೆಗಳು ಒಂದರೊಳಗೊಂದು ಕನಿಷ್ಠ 15 ಸೆಂ.ಮೀ. ಉಳಿಯುವಂತೆ ನೋಡಿಕೊಂಡು ಕತ್ತರಿಸಲಾಯಿತು. ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನೂ ಅದೇ ಅಳತೆಗೆ ಕತ್ತರಿಸಿ ಮತ್ತೆ ಹಾಕಲಾಯಿತು. ನಮ್ಮಲ್ಲಿ ಈ ಕವಚವನ್ನು ಮೊದಲ ದಿನವೇ ಬಿಚ್ಚಿ ಮೂಲೆಗೆ ಹಾಕುವ ಅಭ್ಯಾಸವಿದೆ. ಹೆಗಲ ಮೇಲೆ ಟವೆಲ್ಲು, ಕಟ್ಟಿದ ಪಂಚೆ ಇರುವ ಕಡೆ ತೆರೆದ ಶಾಫ್ಟ್ ಎಂದರೆ ಪ್ರಾಣಕ್ಕೇ ಅಪಾಯ. ಈ ಮಾತನ್ನು ಕಟ್ಟುನಿಟ್ಟಾಗಿ ಹೇಳಲು ಹಿಂಜರಿಯಬಾರದು.

ಅದೇ ಪರೀಕ್ಷೆಯಲ್ಲಿ ಸ್ಲ್ಯಾಷರ್ ಮೈದಾನಕ್ಕೆ ಒಗ್ಗುವುದಿಲ್ಲವೆಂಬುದೂ ಸ್ಪಷ್ಟವಾಯಿತು. ಅದನ್ನು ಹೈಡ್ರಾಲಿಕ್‌ನಲ್ಲಿ ಎತ್ತಿ ಹಿಡಿದೇ ಓಡಿಸಬೇಕು. ಈ ಟ್ರ್ಯಾಕ್ಟರಿನ ಲಿಫ್ಟ್ ಹಳೆಯದಾಗಿ, ಎತ್ತಿ ನಿಲ್ಲಿಸಿದ ಸಾಧನ ನಿಧಾನವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಸಾಲಿನ ಆರಂಭದಲ್ಲಿ ಒಂದೆತ್ತರ, ಕೊನೆಯಲ್ಲಿ ಇನ್ನೊಂದೆತ್ತರ. ಕೆಲವೆಡೆ ಹುಲ್ಲಿನ ಬುಡವೇ ಕೆದರಿ ಕೆಂಪು ಮಣ್ಣು ಕಂಡಿತು. ಒಂದು ಜಲ್ಲಿಕಲ್ಲು ಸಿಡಿದು ಪೆವಿಲಿಯನ್ ಕಟ್ಟೆಯವರೆಗೆ ಹೋಗಿ ಬಿತ್ತು. ದೈಹಿಕ ಶಿಕ್ಷಕರು ಅಲ್ಲಿಗೇ ಪರೀಕ್ಷೆಯನ್ನು ನಿಲ್ಲಿಸಿದರು, ಅದು ಸರಿಯಾದ ತೀರ್ಮಾನವೇ. ಇದಕ್ಕೆ ಹೋಲಿಸಿದರೆ ಫಿನಿಶ್ ಮೋವರ್ ತನ್ನ ಚಕ್ರಗಳ ಮೇಲೆಯೇ ನಿಲ್ಲುವುದರಿಂದ ಕೆಲಸದ ವೇಳೆ ಲಿಫ್ಟನ್ನು ಪೂರ್ತಿ ಕೆಳಗಿಳಿಸಿ ಬಿಡಬಹುದು. ಕತ್ತರಿಸುವ ಎತ್ತರವನ್ನು ನಿರ್ಧರಿಸುವುದು ಚಕ್ರದ ಕಂಬಕ್ಕೆ ಹಾಕುವ ಬಳೆಯಂಥ ಬುಷ್‌ಗಳು. ಲಿಫ್ಟ್ ಸೋರಿದರೂ ಅದಕ್ಕೆ ಬಾಧಕವಿಲ್ಲ. ಹಳೆಯ ಟ್ರ್ಯಾಕ್ಟರಿಗೆ ಇದೊಂದು ದೊಡ್ಡ ಅನುಕೂಲ.

ಮಲ್ಚರ್‌ನ ವಿಚಾರವನ್ನು ನಾವು ಹಗುರವಾಗಿ ತಳ್ಳಿಹಾಕಲಿಲ್ಲ. ಕಾರ್ಯದರ್ಶಿಯವರ ಅಪೇಕ್ಷೆಗೆ ಅದೇ ಅತ್ಯಂತ ಹತ್ತಿರವಾಗಿತ್ತು: ತೋಟದಲ್ಲಿ ಸೋಗೆ ಪುಡಿ ಮಾಡುತ್ತದೆ, ಮೈದಾನದಲ್ಲಿ ಹುಲ್ಲನ್ನೂ ಕತ್ತರಿಸುತ್ತದೆ, ಕಲ್ಲನ್ನು ದೂರ ಸಿಡಿಸುವುದೂ ಕಡಿಮೆ. ಟ್ರ್ಯಾಕ್ಟರಿಗೆ ಹತ್ತಿರವಾಗಿ ಕೂರುವುದರಿಂದ ತೂಕದ ಹೊರೆಯೂ ಮಿತಿಯಲ್ಲೇ ಇರುತ್ತದೆ. ತಡೆಯೊಡ್ಡಿದ್ದು ಶಕ್ತಿ. 18 ಅಶ್ವಶಕ್ತಿಯ ಎಂಜಿನ್‌ನಿಂದ ಪಿಟಿಒಗೆ ಬರುವಾಗಲೇ ಒಂದಷ್ಟು ಕಳೆದುಹೋಗುತ್ತದೆ. ವಯಸ್ಸು ಮತ್ತು ಇಳಿಸಿದ ಥ್ರಾಟಲ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕೈಗೆ ಸಿಗುವುದು 12-13 ಎಂದು ನಾವು ಅಂದಾಜಿಸಿದೆವು. ಅಂಗಡಿಗಳಲ್ಲಿ ಸಿಕ್ಕ ನಾಲ್ಕು ಅಡಿಯ ಮಲ್ಚರ್‌ಗಳೆಲ್ಲ ಸುತ್ತಿಗೆ ಬಗೆಯವು, ಇಪ್ಪತ್ತಕ್ಕಿಂತ ಹೆಚ್ಚು ಅಶ್ವಶಕ್ತಿ ಕೇಳುವಂಥವು. ಮೇಲಾಗಿ ಸುತ್ತಿಗೆ ಹೊಡೆದ ಗರಿಕೆ ಕತ್ತರಿಸಿದಂತೆ ಇರುವುದಿಲ್ಲ, ಜಜ್ಜಿದಂತಿರುತ್ತದೆ. ಮಾರನೆಯ ದಿನ ತುದಿಗಳೆಲ್ಲ ಬಿಳಿಚಿಕೊಂಡು ಒಣಗುತ್ತವೆ. 25-30 ಅಶ್ವಶಕ್ತಿಯ ಟ್ರ್ಯಾಕ್ಟರ್ ಇದ್ದಿದ್ದರೆ, ತೆಳು ಬ್ಲೇಡಿನ ಮಲ್ಚರ್ ಸಿಕ್ಕಿದ್ದರೆ, ನನ್ನ ಸಲಹೆ ಬೇರೆಯಾಗುತ್ತಿತ್ತು.

ಫಿನಿಶ್ ಮೋವರ್‌ನಿಂದ ತೋಟದ ಕೆಲಸ ಆಗುವುದಿಲ್ಲ. ಅಡಿಕೆ ಸಾಲುಗಳ ನಡುವೆ ಒಂಬತ್ತು ಅಡಿ ಅಂತರವಿದ್ದು ಟ್ರ್ಯಾಕ್ಟರ್ ಓಡಾಡಬಹುದಾದರೂ, ನೆಲದಲ್ಲಿ ಸೋಗೆ, ಹಾಳೆ, ಡ್ರಿಪ್ ಪೈಪು, ಬಸಿಗಾಲುವೆಯ ಅಂಚು ಎಲ್ಲವೂ ಇರುತ್ತವೆ. ಗಟ್ಟಿ ಸೋಗೆಯ ದಿಂಡಿಗೆ ತಾಗಿದ ತೆಳು ಬ್ಲೇಡ್ ಬಾಗುತ್ತದೆ, ಬ್ಲೇಡನ್ನು ತಿರುಗಿಸುವ ಸ್ಪಿಂಡಲ್ ಓರೆಯಾಗುತ್ತದೆ. ತೋಟಕ್ಕೆ ವರ್ಷದಲ್ಲಿ ಕೆಲವೇ ಬಾರಿ ಬೇಕಾಗುವ ಕೆಲಸಕ್ಕೆ ಬಾಡಿಗೆಗೆ ಸ್ಲ್ಯಾಷರ್ ತರಿಸುವುದೇ ಲೇಸೆಂದು ಆಡಳಿತ ಮಂಡಳಿ ಒಪ್ಪಿತು.

ಅಗಲದ ಪ್ರಶ್ನೆಯಲ್ಲಿ ಚರ್ಚೆ ಹೆಚ್ಚು ಹೊತ್ತು ನಡೆಯಿತು. ಕಾರ್ಯದರ್ಶಿಯವರ ವಾದ ಇಷ್ಟೇ: "ಐದಡಿಯದಾದ್ರೆ ಐದು ಸಾಲು ಹೊಡೆಯೋ ಕಡೆ ನಾಲ್ಕು ಸಾಲಲ್ಲಿ ಮುಗಿಯುತ್ತಲ್ವೇನ್ರಿ?" ಆದರೆ ವಾರವಾರ ಕತ್ತರಿಸುವ ಗರಿಕೆಗೆ ಒಂದು ಅಡಿ ಅಗಲಕ್ಕೆ ಸುಮಾರು ಮೂರು ಅಶ್ವಶಕ್ತಿ ಬೇಕು, ದಟ್ಟವಾಗಿ ಬೆಳೆದ ಹುಲ್ಲಿಗೆ ಐದರವರೆಗೂ ಬೇಕಾಗಬಹುದು. ನಾಲ್ಕಡಿಗೆ ಹನ್ನೆರಡು ಸಾಲುತ್ತದೆ. ಐದಡಿಗೆ ಹದಿನೈದು ಬೇಕು, ಅದು ಈ ಟ್ರ್ಯಾಕ್ಟರಿನಲ್ಲಿ ಇಲ್ಲ. ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಮೂರೂ ಮುಕ್ಕಾಲು ಅಡಿಗೂ ಕಡಿಮೆ. ಆದ್ದರಿಂದ ನಾಲ್ಕಡಿಯ ಡೆಕ್ ಎರಡೂ ಟೈರಿನ ಜಾಡನ್ನು ಮುಚ್ಚಿಕೊಂಡು ಹೋಗುತ್ತದೆ. ಹತ್ತು ಸೆಂ.ಮೀ. ಒಂದರ ಮೇಲೊಂದು ಬರುವಂತೆ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ, ತಿರುವುಗಳ ಸಮಯ ಸೇರಿ, ಗಂಟೆಗೆ ಒಂದು ಎಕರೆ ಆಗುತ್ತದೆ. ಮೂರು ಎಕರೆಗೆ ಒಂದು ಬೆಳಗು ಸಾಕು.

ಇದೇ ಲೆಕ್ಕ ಇನ್ನೊಂದು ಶರತ್ತನ್ನೂ ಮುಂದಿಟ್ಟಿತು. ಹುಲ್ಲನ್ನು ಒಮ್ಮೆಗೆ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, 5 ಸೆಂ.ಮೀ. ಉಳಿಸಬೇಕಾದರೆ 7.5 ಸೆಂ.ಮೀ. ಆದಾಗಲೇ ಮೋವರ್ ಇಳಿಸಬೇಕು. ಮಳೆಗಾಲದಲ್ಲಿ ಹಾಗೆಂದರೆ ಏಳರಿಂದ ಹತ್ತು ದಿನಕ್ಕೊಮ್ಮೆ. ಪರೀಕ್ಷೆ, ರಜೆ ಎಂದು ತಿಂಗಳು ಬಿಟ್ಟರೆ ಡೆಕ್ಕಿನ ಕೆಳಗೆ ಹುಲ್ಲು ಗಂಟುಕಟ್ಟಿ, ಬೆಲ್ಟ್ ಜಾರಿ, ಎಂಜಿನ್ ಉಸಿರುಗಟ್ಟುತ್ತದೆ. ವಾರಕ್ಕೊಂದು ಬೆಳಗನ್ನು ಇದಕ್ಕೆಂದು ಎತ್ತಿಡಲು ಸಾಧ್ಯವಿಲ್ಲದಿದ್ದರೆ ಈ ಸಾಧನ ಕೊಳ್ಳಬೇಡಿ ಎಂದೇ ನಾನು ಬರೆದುಕೊಟ್ಟೆ. ದೈಹಿಕ ಶಿಕ್ಷಕರು ಭಾನುವಾರ ಬೆಳಿಗ್ಗೆಯ ವೇಳೆಯನ್ನು ನಿಗದಿ ಮಾಡಿದ ಮೇಲೆಯೇ ಆರ್ಡರ್ ಹೋಯಿತು.

ತೂಕದ ಲೆಕ್ಕಕ್ಕೆ ಹತ್ತಿರದ ಅಕ್ಕಿ ಗಿರಣಿಯ ವೇಬ್ರಿಡ್ಜ್ ನೆರವಾಯಿತು. ಇಡೀ ಟ್ರ್ಯಾಕ್ಟರ್ 650 ಕೆ.ಜಿ.; ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿದಾಗ 260 ಕೆ.ಜಿ. ಮೋವರ್‌ನ ತೂಕ 180 ಕೆ.ಜಿ. ಇದ್ದು, ಅದರ ಭಾರಕೇಂದ್ರ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ. ಮುಂದಿನ ಹಿಂದಿನ ಅಚ್ಚುಗಳ ಅಂತರ 1.4 ಮೀಟರ್. ಹಾಗಾಗಿ ಮೋವರ್ ಎತ್ತಿದಾಗ ಮುಂದಿನ ಚಕ್ರಗಳಿಂದ ಸುಮಾರು 154 ಕೆ.ಜಿ. ಕಳೆದು, ಉಳಿಯುವುದು 106 ಮಾತ್ರ. ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದೆ ಇರದಿದ್ದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಏರಿನಲ್ಲಿ ಮೂತಿ ಎದ್ದುಬಿಡುತ್ತದೆ. ಆದ್ದರಿಂದ ಬಂಪರಿನ ಮುಂದೆ, ಮುಂದಿನ ಅಚ್ಚಿನಿಂದ 40 ಸೆಂ.ಮೀ. ಆಚೆಗೆ, 20 ಕೆ.ಜಿ.ಯ ಮೂರು ಎರಕದ ತಟ್ಟೆಗಳನ್ನು ಕೂರಿಸಲು ವೆಲ್ಡಿಂಗ್ ಶಾಪಿನಲ್ಲಿ ಬ್ರಾಕೆಟ್ ಮಾಡಿಸಲಾಯಿತು. ಮತ್ತೆ ತೂಗಿದಾಗ ಮುಂದಿನ ಭಾರ 180ರ ಆಸುಪಾಸಿಗೆ ಬಂತು. ಒಟ್ಟು 890ಕ್ಕೆ ಅದು ಸಾಕು. ಐದಡಿಯ ಮೋವರ್ ಆಗಿದ್ದರೆ ಇನ್ನೂ ಹೆಚ್ಚು ತೂಕ ಮುಂದೆ ಹೇರಬೇಕಾಗುತ್ತಿತ್ತು. ಹಳೆಯ ಮುಂದಿನ ಅಚ್ಚಿನ ಬುಷ್‌ಗಳಿಗೆ ಅದು ಹೊರೆ.

ಮೋವರ್‌ಗಳ ನಡುವೆ ಆಯ್ಕೆ ಮಾಡುವಾಗ ಎರಡು ಅಂಶಗಳಿಗೆ ಹೆಚ್ಚು ಬೆಲೆ ಕೊಟ್ಟೆವು. ಒಂದು, ಕತ್ತರಿಸಿದ ಹುಲ್ಲು ಪಕ್ಕಕ್ಕಲ್ಲದೆ ಹಿಂದಕ್ಕೆ ಬೀಳುವ ಡೆಕ್ ಆಗಿರಬೇಕು. ಕಲ್ಲು ಸಿಕ್ಕರೂ ಅದು ಪಕ್ಕಕ್ಕೆ ಸಿಡಿಯುವುದಕ್ಕಿಂತ ಹಿಂದಿನ ಸರಪಳಿ ತಡೆಗೆ ಬಡಿದು ಕೆಳಗೆ ಬೀಳುವುದು ಒಳ್ಳೆಯದು. ಇನ್ನೊಂದು, ಸ್ಪಿಂಡಲ್ ಬೇರಿಂಗ್‌ಗಳು 6205ರಂತಹ ಸಾಮಾನ್ಯ ನಂಬರಿನವಾಗಿರಬೇಕು, ಬೆಲ್ಟ್ ಎಲ್ಲೆಡೆ ಸಿಗುವ ಬಿ ಸೆಕ್ಷನ್ ಅಳತೆಯದಾಗಿರಬೇಕು. ಇವೆರಡೂ ದಾವಣಗೆರೆಯ ಪಿ.ಬಿ. ರಸ್ತೆಯ ಬೇರಿಂಗ್ ಅಂಗಡಿಗಳಲ್ಲಿ ಸಿಗುತ್ತವೆ. ನೋಡಲು ಇನ್ನೂ ಚೆನ್ನಾಗಿದ್ದ ಒಂದು ಮೋವರನ್ನು, ಅದರ ಬೆಲ್ಟ್ ತಯಾರಕರಿಂದಲೇ ಬರಬೇಕೆಂಬ ಒಂದೇ ಕಾರಣಕ್ಕೆ ಬಿಟ್ಟೆವು. ಮಳೆಗಾಲದ ಮಧ್ಯೆ ಬೆಲ್ಟಿಗಾಗಿ ಎರಡು ವಾರ ಕಾಯುವುದೆಂದರೆ ಮೈದಾನ ಕೈತಪ್ಪಿದಂತೆ.

ಒಂದು ಮಳೆಗಾಲದ ಬಳಕೆಯ ನಂತರದ ಸ್ಥಿತಿ ಹೀಗಿದೆ. ಪ್ರತಿ ಸಲವೂ ಮೋವರ್ ಇಳಿಸುವ ಮೊದಲು ಇಬ್ಬರು ಮೈದಾನವನ್ನು ನಡೆದು ನೋಡಿ ಕಲ್ಲು, ಮೊಳೆ, ವಾಲಿಬಾಲ್ ಕಂಬದ ಗೂಟ ಇತ್ಯಾದಿಗಳನ್ನು ತೆಗೆಯುತ್ತಾರೆ. ಮಕ್ಕಳು ಆ ಹೊತ್ತಿನಲ್ಲಿ ಹಾಸ್ಟೆಲ್ ಒಳಗಿರುತ್ತಾರೆ. ಗರಿಕೆ ಬುಡದಲ್ಲಿ ದಟ್ಟವಾಗಿ ಹೆಣೆದುಕೊಂಡಿದೆ, ನೆಗ್ಗಿಲು ಮುಳ್ಳು ಗಣನೀಯವಾಗಿ ತಗ್ಗಿದೆ. ಅದು ನೆಲಕ್ಕಂಟಿ ಹಬ್ಬುವುದರಿಂದ ಬ್ಲೇಡಿಗೆ ಸಿಗುವುದಿಲ್ಲ. ಗರಿಕೆಯೇ ಅದಕ್ಕೆ ಜಾಗ ಬಿಡದಂತೆ ಮಾಡಿದೆ. ಒಮ್ಮೆ ಹುಲ್ಲಿನ ತುದಿಗಳು ನಾರು ನಾರಾಗಿ ಕಂಡಾಗ ಬ್ಲೇಡ್ ಬಿಚ್ಚಿ ನೋಡಲಾಯಿತು: ಅಂಚು ಬೆರಳಿಗೆ ದುಂಡಗೆ ತಾಗುವಷ್ಟು ಮೊಂಡಾಗಿತ್ತು. ಸಾಣೆ ಹಿಡಿಸಿದ ಮೇಲೆ ನಡುವಿನ ತೂತಿಗೆ ಗೋಡೆಯ ಮೊಳೆಯೊಂದನ್ನು ಸಿಕ್ಕಿಸಿ ತೂಗುಬಿಟ್ಟು, ಯಾವ ಪಕ್ಕವೂ ಜಗ್ಗದವರೆಗೆ ಭಾರದ ಕಡೆಯನ್ನು ಉಜ್ಜಿ ಸಮ ಮಾಡಲಾಯಿತು. ಈಗ ಡ್ರೈವರ್ ಈ ಕೆಲಸವನ್ನು ತಾವೇ ಮಾಡುತ್ತಾರೆ. ಓವರ್‌ರನ್ನಿಂಗ್ ಕ್ಲಚ್‌ಗೆ ಪ್ರತಿ ವಾರ ಗ್ರೀಸ್ ಹೊಡೆದು, ಕೈಯಿಂದ ಹಿಂದುಮುಂದು ತಿರುಗಿಸಿ ನೋಡುವುದೂ ಅವರ ಪಟ್ಟಿಯಲ್ಲಿದೆ.

ಉಳಿದಿರುವ ತೊಂದರೆ ಮೈದಾನದ ಪೂರ್ವದ ಅಂಚಿನದು. ಅಲ್ಲಿ ಕೆಂಪು ಮಣ್ಣಿನ ಪದರ ತೆಳುವಾಗಿ, ಬೇಸಿಗೆಯಲ್ಲಿ ಕೆಳಗಿನ ಎರೆಮಣ್ಣು ಬಿರುಕು ಬಿಡುತ್ತದೆ. ಮೋವರ್‌ನ ಮುಂದಿನ ಸಣ್ಣ ಚಕ್ರ ಆ ಬಿರುಕಿಗೆ ಇಳಿದಾಗ ಡೆಕ್ಕಿನ ಒಂದು ಮೂಲೆ ನೆಲಕ್ಕೆ ತಾಗಿ ಹುಲ್ಲನ್ನು ಬೋಳಿಸುತ್ತದೆ. ಮುಂಗಾರಿಗೆ ಮುಂಚೆ ಮರಳು ಬೆರೆಸಿದ ಕೆಂಪು ಮಣ್ಣನ್ನು ಬಿರುಕುಗಳಿಗೆ ತುಂಬಿ, ನೀರು ಬಿಟ್ಟು ಕೂರಿಸಿ, ರೋಲರ್ ಎಳೆಯಬೇಕಾಗಿದೆ. ಅದು ಮುಗಿಯುವವರೆಗೆ ಆ ಭಾಗದಲ್ಲಿ ಚಕ್ರದ ಬುಷ್ ಬದಲಿಸಿ, ಎತ್ತರವನ್ನು 7 ಸೆಂ.ಮೀ.ಗಿಂತ ಕೆಳಗಿಳಿಸದೆ ಕತ್ತರಿಸುವಂತೆ ಡ್ರೈವರಿಗೆ ತಿಳಿಸಲಾಗಿದೆ.